ವಸ್ತಿ ಗಾಡಿಯ ನಿದ್ದೆ

ನನ್ನ ಗಂಡನಿಗೆ ಖಾನಾಪುರದ ಕಡೆ ಇನ್ನೊಂದು ಸಂಸಾರ ಇದೆ ಎಂಬ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಒಂದು ಕುಪ್ಪಸದ ಅಳತೆ ತೆಗೆಯುವಾಗ. ನಾನು ಟೇಪು ಹಿಡಿದು ಪಕ್ಕದ ಮನೆಯವಳ ತೋಳಿನ ಸುತ್ತಳತೆ ನೋಡುತ್ತಿದ್ದೆ. ಅವಳು ತೋಳು ಎತ್ತಿಕೊಂಡೇ ಕೇಳಿದಳು: "ಅಕ್ಕಾ, ನಿಮ್ಮ ಮನಿಯವ್ರು ಮತ್ತ ವಸ್ತಿ ಗಾಡಿಗೆ ಹೋಗ್ಯಾರಂತಲ್ಲ? ಯಾವಾಗ್ಲೂ ಅದ ಊರಿಗೇ ಯಾಕ್ರೀ?"

ಪ್ರಶ್ನೆಯ ಬಾಲದಲ್ಲಿದ್ದ ಕೊಂಕು ನನಗೆ ತಿಳಿಯದೇ ಇರಲಿಲ್ಲ. ಟೇಪನ್ನು ಬೇಕಂತಲೇ ಒಂದಿಷ್ಟು ಬಿಗಿಯಾಗಿ ಎಳೆದೆ. ಅವಳು "ಹಾ" ಅಂದಳು. ನಾನು ಏನೂ ಆಗದವಳ ಹಾಗೆ ಅಳತೆ ಬರೆದುಕೊಂಡೆ.

ನಮ್ಮವರು ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದರು. ಸಂಜೆ ಬೆಳಗಾವಿ ಬಿಟ್ಟು, ಖಾನಾಪುರ ದಾಟಿ, ಕಾಡಂಚಿನ ಯಾವುದೋ ಹಳ್ಳಿಯಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ಹಾಲಿನ ಕ್ಯಾನು, ಸಾಲಿ ಮಕ್ಕಳು, ಕಚೇರಿ ಕೆಲಸದವರನ್ನೆಲ್ಲ ತುಂಬಿಕೊಂಡು ವಾಪಸು ಬರುವ ಬಸ್ಸಿಗೆ ನಮ್ಮ ಕಡೆ ವಸ್ತಿ ಗಾಡಿ ಎನ್ನುತ್ತಾರೆ. ಆ ಡ್ಯೂಟಿ ಎಂದರೆ ಡ್ರೈವರುಗಳಿಗೆ ಮೈ ಉರಿ. ಬೇರೆ ಊರಿನ ಸೊಳ್ಳೆ, ಬೇರೆ ಊರಿನ ಚಳಿ, ಮಲಗಲು ಸಾಲೆಯ ಕಟ್ಟೆ, ಇಲ್ಲವೇ ಬಸ್ಸಿನ ಸೀಟು. ತಪ್ಪಿಸಿಕೊಳ್ಳಲು ಹೊಟ್ಟೆನೋವು, ಸೊಂಟನೋವು ಎಲ್ಲ ಬರುತ್ತಿತ್ತು. ನಮ್ಮವರು ಮಾತ್ರ, "ನಿನ್ನ ವಸ್ತಿ ನನಗ ಕೊಡು, ನನ್ನ ಹಗಲ ಗಾಡಿ ನೀ ತಗೋ" ಎಂದು ಊರವರ ಪಾಳಿಯನ್ನೆಲ್ಲ ಮೈಮೇಲೆ ಎಳೆದುಕೊಳ್ಳುತ್ತಿದ್ದರು. ಇಂಥ ಗಂಡಸಿನ ಮೇಲೆ ಜನ ಸಂಶಯಪಡದೆ ಮತ್ತೇನು ಪಡುತ್ತಾರೆ?

ಇದು ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಾವಿದ್ದದ್ದು ಉದ್ಯಮಬಾಗದ ಬೆನ್ನಿಗಿದ್ದ ಒಂದು ಓಣಿಯಲ್ಲಿ. ಓಣಿಯ ಗಂಡಸರಲ್ಲಿ ಬಹುಪಾಲು ಕಬ್ಬಿಣದ ಎರಕ ಹೊಯ್ಯುವ ಫೌಂಡ್ರಿಯ ಕೆಲಸದವರು. ಹಿತ್ತಲ ಗೋಡೆಯಾಚೆಗೇ ಒಂದು ಫೌಂಡ್ರಿ, ಅದರ ಚಿಮಣಿ ನಮ್ಮ ಹಂಚಿನ ಮೇಲೆ ಇಣುಕಿದಂತೆ ಕಾಣುತ್ತಿತ್ತು. ಮಗಳು ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದಳು. ಮನೆಯಲ್ಲಿ ನಾವಿಬ್ಬರೇ, ಮತ್ತೆ ನನ್ನ ಹೊಲಿಗೆ ಯಂತ್ರ. ನಮ್ಮದು ಆಕಳಿಸುವ ಓಣಿಯಾಗಿತ್ತು. ಅಳತೆ ಕೊಡಲು ಬಂದ ಹೆಂಗಸರು ನಿಂತಲ್ಲೇ ಆಕಳಿಸುತ್ತಿದ್ದರು, ಅವರನ್ನು ನೋಡಿ ನಾನೂ ಆಕಳಿಸುತ್ತಿದ್ದೆ. ಬೆಳಿಗ್ಗೆ ಎದ್ದರೆ ತಲೆ ಭಾರ, ಗಂಟಲು ಒಣ. ಮೂರು ಸಲ ಚಹಾ ಕುಡಿದ ಮೇಲೆಯೇ ಸೂಜಿಗೆ ದಾರ ಪೋಣಿಸಲು ಕಣ್ಣು ಬರುತ್ತಿತ್ತು. ವಯಸ್ಸು ನಲವತ್ತರ ಹತ್ತಿರ ಬಂತು, ಇದೆಲ್ಲ ಇದ್ದದ್ದೇ ಅಂದುಕೊಂಡಿದ್ದೆ.

ನಮ್ಮವರ ಸ್ಥಿತಿ ನನಗಿಂತ ಕೆಟ್ಟದ್ದು. ಮಲಗಿದರೆ ಗೊರಕೆ, ಏರು ಹತ್ತುವ ಹಳೆಯ ಲಾರಿಯ ಹಾಗೆ. ಏರುತ್ತ ಏರುತ್ತ ಫಕ್ಕನೆ ನಿಂತುಹೋಗುತ್ತಿತ್ತು. ಗೊರಕೆಗಿಂತ ಆ ಮೌನವೇ ನನ್ನನ್ನು ಹೆದರಿಸುತ್ತಿತ್ತು. ಆಮೇಲೆ ಯಾರೋ ಕುತ್ತಿಗೆ ಹಿಚುಕಿ ಬಿಟ್ಟವರಂತೆ ಒಮ್ಮೆಲೇ ಉಸಿರೆಳೆದು ಹೊರಳುತ್ತಿದ್ದರು. ಬೆಳಿಗ್ಗೆ ಕೇಳಿದರೆ, "ಛಲೋ ನಿದ್ದಿ ಆತು" ಅನ್ನುತ್ತಿದ್ದರು. ಛಲೋ ನಿದ್ದೆ ಆದವರು ಮಧ್ಯಾಹ್ನ ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ತೂಕಡಿಸುವುದಿಲ್ಲ. ಮೊದಲು ಎಷ್ಟು ನಗುಮೊಗದ ಮನುಷ್ಯ! ಈಗ ಉಪ್ಪು ಒಂದು ಹರಳು ಕಡಿಮೆಯಾದರೂ ತಾಟು ಸರಿಸುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಅವರ ಕಂಡಕ್ಟರ್ ಮನೆಗೆ ಬಂದರು. ಜೊತೆಗೆ ದುಡಿದು ತಮ್ಮನಂತಾಗಿದ್ದವರು, ನನ್ನನ್ನು ಅತ್ತಿಗೆಯೆಂದೇ ಕರೆಯುವವರು. ನೀರು ಕೊಟ್ಟೆ, ಕುಡಿಯಲಿಲ್ಲ.

"ವೈನಿ, ಅಣ್ಣಾರ ಡಿಪೋದಾಗ ಅದಾರಲ್ಲ, ಅದಕ್ಕ ಈಗ ಬಂದೆ. ಮೂರನೇ ರೈಲ್ವೆ ಗೇಟಿನ್ಯಾಗ ಗಾಡಿ ನಿಂತಿತ್ತು. ಗೇಟ್ ತಗದ್ರೂ ಅಣ್ಣಾರ ಗಾಡಿ ತಗೀವಲ್ರು. ಹಿಂದ ಮುಂದ ಎಲ್ಲಾರೂ ಹಾರ್ನ್ ಹೊಡ್ಯಾಕತ್ತಾರ. ನಾ ಹೋಗಿ ನೋಡಿದ್ರ, ಸ್ಟೇರಿಂಗ್ ಮ್ಯಾಲ ಕೈ ಇಟ್ಟು ಮಕ್ಕೊಂಡಾರ್ರಿ. ಹೆಗಲ ಹಿಡದ ಅಳ್ಳಾಡಿಸಿದ ಮ್ಯಾಲ ಎದ್ರು."

"ಗಾಡಿ ನಿಂತಿತ್ತಲ್ರಿ" ಎಂದೆ.

"ಈ ಸಲ ನಿಂತಿತ್ರಿ. ವೈನಿ, ನನಗೂ ಹೆಂಡ್ತಿ ಮಕ್ಕಳದಾರ. ಗಾಡಿ ತುಂಬ ಮಂದಿ ಇರತಾರ. ಇನ್ನೊಮ್ಮೆ ಹಿಂಗಾತಂದ್ರ ನಾ ಡಿಪೋದಾಗ ಹೇಳಬೇಕಾಗತೈತಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಅವರು ಎದ್ದು ಹೊರಟರು. ಖಾನಾಪುರದ ರಸ್ತೆಯಲ್ಲಿ ಗಾಡಿ ನಿಲ್ಲಿಸುವ ಗೇಟು ಎಲ್ಲೋ ಒಂದೆರಡು ಕಡೆ, ತಿರುವುಗಳು ಬೇಕಾದಷ್ಟಿವೆ. ಬಸ್ಸಿನಲ್ಲಿ ಯಾರ ಯಾರದೋ ಮಕ್ಕಳು. ಆದರೆ ಅಂಜಿಕೆಯ ನಡುವೆ ಪಕ್ಕದ ಮನೆಯವಳ ಮಾತು ಮುಳ್ಳಿನ ಹಾಗೆ ಚುಚ್ಚಿತು. ಹಿಂದೆಯೇ ಓಡಿ, ಸೈಕಲ್ ಹತ್ತುತ್ತಿದ್ದ ಕಂಡಕ್ಟರನ್ನು ಓಣಿಯ ಬಾಯಲ್ಲಿ ನಿಲ್ಲಿಸಿದೆ. "ವಸ್ತಿ ಗಾಡಿ ಹೋಗಿ ಬಂದ ದಿನಾನೂ ತೂಕಡಿಸ್ತಾರೇನ್ರಿ?"

ಅವರು ಒಂದು ಕಾಲು ಪೆಡಲಿನ ಮೇಲಿಟ್ಟು ಯೋಚಿಸಿದರು. "ಇಲ್ಲ ನೋಡ್ರಿ. ಅವತ್ತ ಹಾಡ ಹೇಳ್ಕೋತ ಗಾಡಿ ಹೊಡೀತಾರ."

ಹಾಡು! ನನ್ನ ಮುಂದೆ ಅವರು ಹಾಡಿ ಯಾವ ಕಾಲವಾಗಿತ್ತೋ. ಅವತ್ತೇ ನಿಶ್ಚಯ ಮಾಡಿದೆ. ಮುಂದಿನ ವಸ್ತಿಯ ದಿನ ಅವರು ಹೊರಟಾಗ ನಾನೂ ಚಾದರ ಮಡಚಿ ಚೀಲಕ್ಕೆ ಹಾಕಿಕೊಂಡೆ.

"ನೀ ಎಲ್ಲಿಗೆ?"

"ನಿಮ್ಮ ಇನ್ನೊಂದ ಮನಿ ನೋಡಾಕ."

ಅವರು ನನ್ನ ಮುಖ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಾ ಬಾ. ಟಿಕೀಟ್ ತಗೋಬೇಕ ನೋಡ, ಪುಕ್ಕಟೆ ಒಯ್ಯಾಂಗಿಲ್ಲ."

ದೀಪ ಹಚ್ಚುವ ಹೊತ್ತಿಗೆ ಊರು ಮುಟ್ಟಿದೆವು. ಆ ಹಳ್ಳಿಯಲ್ಲೊಂದು ರೂಢಿ. ವಸ್ತಿ ಗಾಡಿಯ ಡ್ರೈವರಿಗೂ ಕಂಡಕ್ಟರಿಗೂ ದಿನಕ್ಕೊಂದು ಮನೆಯವರು ಪಾಳಿಯ ಮೇಲೆ ಊಟ ಹಾಕುತ್ತಿದ್ದರು. ಬಸ್ಸಿನವರಿಗೆ ಊರು ಬೇಸರವಾಗಿ ಗಾಡಿ ನಿಂತುಹೋದರೆ ಹಾಲೂ ಪೇಟೆ ಮುಟ್ಟುವುದಿಲ್ಲ, ಮಕ್ಕಳೂ ಹೈಸ್ಕೂಲು ಮುಟ್ಟುವುದಿಲ್ಲ. ಅವತ್ತಿನ ಪಾಳಿ ಒಬ್ಬ ಮುದುಕಿಯ ಮನೆಯದು. ಅರ್ಧ ಮರಾಠಿ, ಅರ್ಧ ಕನ್ನಡ ಬೆರೆಸಿ ಮಾತಾಡುವ ಆಯಿ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ಬಿಸಿ ಅನ್ನದ ಮೇಲೆ ತುಪ್ಪ ಹಾಕಿದಳು.

"ಬಾಜೂಕ ಕುಂದರವ್ವಾ. ನಿನ್ನ ಗಂಡನ ಕೂಡ ಒಂದ ಮಾತ ಆಡೂಣು ಅಂದ್ರ ಸಿಗೂದೇ ಇಲ್ಲ. ಖರೇ ಹೇಳ್ತೀನಿ, ಕೈ ತೊಳದ ಕೂಡ್ಲೆ ಮಕ್ಕೊಂಡ ಬಿಡತಾನ. ನಿಮ್ಮ ಊರಾಗ ನಿದ್ದಿ ಸಿಗೂದಿಲ್ಲೇನ?"

ಸಾಲೆಯ ಕಟ್ಟೆಯ ಮೇಲೆ ಚಾದರ ಹಾಸಿದೆವು. ನಾನು ಗೊರಕೆಗಾಗಿ ಕಿವಿ ಕೊಟ್ಟು ಕಾದೆ. ಸಣ್ಣಗೆ ಒಂದೆರಡು ಸಲ ಬಂತು, ನಿಂತಿತು. ನಾನು ಎಂದಿನಂತೆ ಉಸಿರು ಬಿಗಿ ಹಿಡಿದೆ. ಆದರೆ ಈ ಸಲ ಉಸಿರು ನಿಂತಿರಲಿಲ್ಲ, ಗೊರಕೆ ಮಾತ್ರ ನಿಂತಿತ್ತು. ಎದೆ ಮೆಲ್ಲಗೆ ಏರಿ ಇಳಿಯುತ್ತಿತ್ತು. ಮುಂದೇನಾಗುತ್ತದೋ ನೋಡೋಣ ಎಂದು ಕೂತವಳಿಗೆ ನನಗೇ ಯಾವಾಗ ನಿದ್ದೆ ಹತ್ತಿತೋ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಕೋಳಿಗಳು ಅಂಗಳದಲ್ಲಿ ಓಡಾಡುತ್ತಿದ್ದವು. ತಲೆ ಹಗುರವಾಗಿತ್ತು. ಗಂಟಲು ಒಣಗಿರಲಿಲ್ಲ. ಆಯಿ ಚಹಾ ತಂದಾಗ, ನನಗೆ ಇನ್ನೂ ಚಹಾ ನೆನಪಾಗಿಯೇ ಇರಲಿಲ್ಲವಲ್ಲ ಎಂದು ನನಗೇ ಆಶ್ಚರ್ಯವಾಯಿತು.

ಬೆಳಗಾವಿಗೆ ಬಂದು ಮನೆಯ ಬೀಗ ತೆಗೆದೆ. ಒಳಗಿನಿಂದ ಒಂದು ನಾತ ಬಂದು ಮುಖಕ್ಕೆ ಬಡಿಯಿತು. ಟೈರು ಸುಟ್ಟ ಹಾಗೆ, ಬಣ್ಣ ಸುಟ್ಟ ಹಾಗೆ. ಯಾರೋ ಮನೆಯೊಳಗೆ ಏನೋ ಸುಟ್ಟಿದ್ದಾರೆ ಎಂದು ಹೆದರಿ ಅಡುಗೆಮನೆಗೆ ಓಡಿದೆ. ಏನೂ ಇರಲಿಲ್ಲ. ಅದು ನಮ್ಮ ಮನೆಯ ದಿನನಿತ್ಯದ ವಾಸನೆ. ಒಂದು ರಾತ್ರಿ ಬೇರೆ ಗಾಳಿ ಕುಡಿದು ಬಂದ ಮೂಗಿಗೆ ಅದು ಹೊಸದಾಗಿ ಕಂಡಿತ್ತು, ಅಷ್ಟೇ. ಹಾಸಿಗೆ ಮೂಸಿದೆ, ದಿಂಬು ಮೂಸಿದೆ. ದಿಂಬಿನಲ್ಲೂ ಅದೇ.

ಓಣಿಯಲ್ಲಿ ಯಾರನ್ನು ಕೇಳಿದರೂ ಕೈ ಚಿಮಣಿಯ ಕಡೆಗೇ ಹೋಗುತ್ತಿತ್ತು. ಅದರ ಹೊಗೆ ಬರಬಾರದೆಂದು ಎಲ್ಲರೂ ಹಿತ್ತಲ ಕಡೆಯ ಕಿಟಕಿಗೆ ಮೊಳೆ ಹೊಡೆದಿದ್ದರು, ನಾವೂ ಹೊಡೆದಿದ್ದೆವು. ಆದರೆ ಅದೇ ವಾರ ಭಟ್ಟಿಯ ದುರಸ್ತಿ ಎಂದು ಫೌಂಡ್ರಿ ನಿಂತಿತ್ತು, ಚಿಮಣಿ ಹೊಗೆಯಾಡಲಿಲ್ಲ. ನಮ್ಮವರ ಗೊರಕೆ ಮಾತ್ರ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಹಾಗಾದರೆ ಕಳ್ಳ ಎಲ್ಲಿದ್ದಾನೆ? ನಾನು ಅವರನ್ನು ಎಳೆದುಕೊಂಡೇ ಟಿಳಕವಾಡಿಯ ಒಬ್ಬ ಡಾಕ್ಟರ ಹತ್ತಿರ ಹೋಗಿ, ಹಳ್ಳಿಯ ನಿದ್ದೆಯನ್ನೂ ಮನೆಯ ನಾತವನ್ನೂ ಹೇಳಿದೆ.

ಡಾಕ್ಟರು ಮೂಗಿನೊಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿದರು, ಬಾಯಿ ತೆಗೆಸಿ ನೋಡಿದರು. "ಬೀಡಿ ಸೇದ್ತೀರೇನು?" ಇಲ್ಲ ಎಂದೆವು. "ಮತ್ತ ಮನ್ಯಾಗ ಎಲ್ಲಿಂದ ಹೊಗಿ? ಮೂಗು, ಗಂಟಲಾ ಎಲ್ಲಾ ಕೆಂಪಗಾಗಿ ಬಾತೈತಿ. ಹಿಂಗ ಬಾತ ದಾರಿ ಮಕ್ಕೊಂಡಾಗ ಇನ್ನೂ ಸಣ್ಣದಾಗತೈತಿ, ಉಸರ ಸಿಕ್ಕೊಂಡ ನಿಲ್ಲತೈತಿ. ಉಸರ ನಿಂತಾಗೊಮ್ಮೆ ಮೆದುಳು ಎಬ್ಬಸತೈತಿ. ನಿಮಗ ನೆನಪಿರೂದಿಲ್ಲ, ರಾತ್ರಿ ಪೂರಾ ಎದ್ದ ಕುಂತಾಂಗ ಅದು." ಆಮೇಲೆ ನಮ್ಮವರ ಹೊಟ್ಟೆ ತಟ್ಟಿ, "ಎಲ್ಲಾ ಹೊಗಿಂದ ಅಂತ ನಾ ಹೇಳೂದಿಲ್ಲ, ಇದನ್ನೂ ಇಳಸ್ರಿ. ಆದ್ರ ಮೊದಲ ಮನ್ಯಾಗಿನ ಹೊಗಿ ಹುಡಕ್ರಿ" ಎಂದರು.

ಮನೆಗೆ ಬಂದು ಹುಡುಕಿದೆ. ಹುಡುಕಲು ಬಹಳ ದೂರ ಹೋಗಬೇಕಾಗಲಿಲ್ಲ. ನಮ್ಮ ಮಲಗುವ ಕೋಣೆಗೂ ಬಚ್ಚಲಿಗೂ ನಡುವೆ ಒಂದೇ ಗೋಡೆ, ಅದೂ ಹಂಚಿನವರೆಗೆ ಮುಟ್ಟದ ಗೋಡೆ. ಗೋಡೆಯಾಚೆ ನೀರೊಲೆ, ಈಚೆ ನಮ್ಮ ತಲೆದಿಂಬು. ನೀರೊಲೆಯ ಪಕ್ಕದಲ್ಲಿ ಫೌಂಡ್ರಿಯ ಚೀಲ.

ಆ ಚೀಲದ ಕತೆ ಹೇಳಬೇಕು. ಫೌಂಡ್ರಿಯವರು ಪ್ರತಿ ರವಿವಾರ ಗೇಟಿನ ಹತ್ತಿರ ಓಣಿಯವರಿಗೆ ಪುಕ್ಕಟೆ ಉರುವಲು ಹಂಚುತ್ತಿದ್ದರು. ಬಣ್ಣ ಬಳಿದ ಮುರುಕು ಕಟ್ಟಿಗೆ ಅಚ್ಚುಗಳು, ಯಂತ್ರ ಒರೆಸಿದ ಎಣ್ಣೆ ಚಿಂದಿ. ಮೈತುಂಬ ಮಸಿಯಾಗಿ ಬರುವ ಗಂಡಸರು ಬಚ್ಚಲು ಹೊಕ್ಕ ನಂತರವೇ ಒಳಗೆ ಕಾಲಿಡುತ್ತಿದ್ದರು. ಅದಕ್ಕೆ ಸಂಜೆಗೇ ನೀರೊಲೆ ಹೊತ್ತುತ್ತಿತ್ತು. ಬೆಳಗಿನ ಪಾಳಿಯವರಿಗೂ ನೀರು ಬಿಸಿ ಇರಲೆಂದು ಮಲಗುವ ಮುಂಚೆ ಕೆಂಡದ ಮೇಲೆ ಎಣ್ಣೆ ಚಿಂದಿ ಒತ್ತಿ ತುರುಕುವುದು ನಮ್ಮ ಓಣಿಯ ಜಾಣತನ. ಚಿಂದಿ ಉರಿಯುವುದಿಲ್ಲ, ಬೆಳಗಿನವರೆಗೂ ಒಳಗೊಳಗೇ ಹೊಗೆಯಾಡುತ್ತದೆ. ಹೊಸ ಸೊಸೆ ಬಂದರೆ ಅತ್ತೆ ಮೊದಲು ಕಲಿಸುತ್ತಿದ್ದದ್ದೇ ಅದನ್ನು. ಫೌಂಡ್ರಿಯ ಹೊಗೆ ಬರಬಾರದೆಂದು ಕಿಟಕಿಗೆ ಮೊಳೆ ಹೊಡೆದು, ಫೌಂಡ್ರಿಯ ಚಿಂದಿಯನ್ನೇ ರಾತ್ರಿಯಿಡೀ ಮನೆಯೊಳಗೆ ಸುಡುವ ಜಾಣರು ನಾವು.

ನನಗೆ ಬಂದದ್ದು ಸಿಟ್ಟು, ಮೈಯೆಲ್ಲ ಉರಿಯುವಂಥ ಸಿಟ್ಟು. ಅವತ್ತೇ ಒಲೆಯ ಬೂದಿ ತೋಡಿ ನೀರು ಸುರಿದೆ. ಹಂಡೆಯನ್ನು ಹಿತ್ತಲ ಬಯಲಿಗೆ ಎಳೆದೆ. ಇಕ್ಕಳ ಹಿಡಿದು ಕಿಟಕಿಯ ಮೊಳೆಗಳನ್ನು ಒಂದೊಂದಾಗಿ ಕಿತ್ತೆ. ಕಿಟಕಿ ತೆಗೆದದ್ದೇ ತಡ, ಪಕ್ಕದ ಮನೆಯ ನೀರೊಲೆಯ ಹೊಗೆ ಸೀದಾ ಒಳಗೆ ಬಂತು.

ಒಂದು ಮನೆ ಬಿಟ್ಟರೆ ಆಗುವ ಕೆಲಸವಲ್ಲ ಅದು. ಮನೆ ಮನೆಗೆ ಹೋಗಿ ಹೇಳಿದೆ. ಕೆಲವರು ಕೇಳಿದಂತೆ ಮಾಡಿದರು, ಕೆಲವರು ಮುಖ ತಿರುಗಿಸಿದರು. ಕುಪ್ಪಸದ ಅಳತೆಯ ಹೊತ್ತಿನಲ್ಲಿ ಕೊಂಕು ಮಾತಾಡಿದವಳಂತೂ, "ಪುಕ್ಕಟೆ ಬರೂದ ಬಿಟ್ಟು ರೊಕ್ಕಾ ಕೊಟ್ಟ ತರಾಕ ಕಟಗಿ ಅಡ್ಡೇಕ ಹೋಗೂಣೇನು? ಗಂಡನ ಗೊರಕಿ ಸಲುವಾಗಿ ಓಣಿ ಒಲಿ ಆರಸಾಕ ಬಂದಾಳ ನೋಡ್ರಿ" ಎಂದು ನಾಲ್ಕು ಜನರ ಮುಂದೆ ನಕ್ಕಳು.

ನಾನೂ ನಕ್ಕೆ. ಆಗ ಮದುವೆಯ ಹಂಗಾಮು. ಅರ್ಧ ಓಣಿಯ ರೇಷ್ಮೆ ಕುಪ್ಪಸಗಳು ನನ್ನ ಮನೆಯಲ್ಲಿದ್ದವು. ಹೊಲಿಗೆ ಎಲ್ಲ ಮುಗಿದಿತ್ತು, ಹುಕ್ಕು ಹಾಕುವುದಷ್ಟೇ ಬಾಕಿ. ಮರುದಿನ ಕುಪ್ಪಸ ಕೇಳಲು ಬಂದವರಿಗೆಲ್ಲ ಒಂದೇ ಉತ್ತರ ಕೊಟ್ಟೆ: "ಯಾರ ನೀರೊಲ್ಯಾಗ ಚಿಂದಿ ಹೊಗಿ ಆಡತೈತಿ, ಅವರ ಜಂಪರಿಗೆ ಹುಕ್ ಬೀಳಾಂಗಿಲ್ಲ." ಬೈದರು. ಅತ್ತರು. ಇವಳಿಗೆ ತಲೆ ಕೆಟ್ಟಿದೆ ಎಂದರು. ನಾನು ಹುಕ್ಕಿನ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದೆ. ಮೂರನೆಯ ದಿನ ಪಕ್ಕದವಳೇ ಬಂದಳು. ನಿಂತು, ತಡೆದು, ತಗ್ಗಿದ ದನಿಯಲ್ಲಿ ಹೇಳಿದಳು: "ಅಕ್ಕಾ, ನಮ್ಮ ಮನಿಯವ್ರೂ ಹಂಗ ಮಾಡ್ತಾರ್ರಿ. ಉಸರ ನಿಂತ, ಒಮ್ಮೆಲೆ ಎದ್ದ ಕುಂದರ್ತಾರ. ನಾ ಯಾರ ಮುಂದೂ ಹೇಳಿಲ್ಲ." ನನಗೆ ಅವಳ ಮೇಲಿದ್ದ ಸಿಟ್ಟೆಲ್ಲ ಇಳಿಯಿತು. ಕೈ ಹಿಡಿದು ಕೂರಿಸಿದೆ, ಅಲ್ಲೇ ಹುಕ್ಕು ಹಾಕಿ ಕೊಟ್ಟೆ.

ಮುಂದಿನ ರವಿವಾರ ನಾವು ಹೆಂಗಸರು ಚೀಲಗಳನ್ನು ಹೊತ್ತು ಫೌಂಡ್ರಿಯ ಗೇಟಿನ ಮುಂದೆ ಇಳಿಸಿದೆವು. ಸೂಪರ್‌ವೈಸರ್ ಗಾಬರಿಯಾದ. "ಅಕ್ಕಾರ, ಪುಕ್ಕಟೆ ಕೊಟ್ಟದ್ದು ತಪ್ಪಾತೇನ್ರಿ?"

"ಇಷ್ಟ ದಿನ ತಗೊಂಡಿವಿ. ಇನ್ನ ಬ್ಯಾಡ" ಎಂದೆ.

"ಒಲ್ಲೆ ಅಂದ್ರ ಇಲ್ಲೇ ಕಂಪೌಂಡಿನ್ಯಾಗ ಸುಡತೀವಿ."

ನಾನು ಬಾಯಿ ತೆರೆಯುವ ಮೊದಲೇ ಪಕ್ಕದವಳು ಮುಂದೆ ಬಂದಳು. "ಸುಡ್ರಿ. ನಾವೂ ದಿನಾ ಇಲ್ಲೇ ಗೇಟಿನ್ಯಾಗ ಬಂದ ಕುಂದರ್ತೀವಿ. ನಿಮ್ಮ ಸಾವಕಾರ್ರ ಕಾರ್ ಹೆಂಗ ಒಳಗ ಬರತೈತಿ ನೋಡೂಣು." ಸಾಹುಕಾರರ ಮಾತು ಬಂದದ್ದೇ ಸೂಪರ್‌ವೈಸರ್ ಮೆತ್ತಗಾದ. ಕೆಲವು ದಿನಗಳ ಮೇಲೆ ಗುಜರಿ ಕೊಳ್ಳುವ ಮೋಡಕಾದವರ ಗಾಡಿ ಬಂದು ಚಿಂದಿ ಒಯ್ಯತೊಡಗಿತು. ಅದನ್ನು ಅವರು ಎಲ್ಲಿಗೆ ಒಯ್ದರೋ ನನಗೆ ಗೊತ್ತಿಲ್ಲ. ಚಿಮಣಿಯೂ ನಿಲ್ಲಲಿಲ್ಲ; ಭಟ್ಟಿ ಹಚ್ಚಿದ ದಿನ ಹಿತ್ತಲ ಕಿಟಕಿ ಮುಚ್ಚಿ, ಓಣಿಯ ಕಡೆಯ ಬಾಗಿಲು ತೆರೆದು ಮಲಗುವುದನ್ನು ಕಲಿತೆವು. ಆಗದ್ದನ್ನು ಆಯಿತು ಎಂದು ಹೇಳುವವಳು ನಾನಲ್ಲ.

ಮನೆಗೆ ಸುಣ್ಣ ಬಳಿದೆ. ಹಾಸಿಗೆಯ ಅರಳೆ ಹಿಂಜಿಸಿ ಬಿಸಿಲಿಗೆ ಹಾಕಿದೆ. ನಮ್ಮವರಿಗೆ ರಾತ್ರಿ ಅರ್ಧ ರೊಟ್ಟಿ ಕಡಿಮೆ ಮಾಡಿದೆ. ನೀರೊಲೆ ಇಲ್ಲದೆ ಅವರು ನಸುಕಿನಲ್ಲಿ ತಣ್ಣೀರು ಸುರಿದುಕೊಂಡು, ವಿಭೂತಿ ಹಚ್ಚಿಕೊಳ್ಳುತ್ತ, ಲಿಂಗಪೂಜೆಗೆ ಕೂರುವ ಮೊದಲು ನನಗೆ ಒಂದಿಷ್ಟು ಬೈಗುಳದ ಪೂಜೆ ಮಾಡಿಯೇ ಕೂರುತ್ತಿದ್ದರು. ಮೊದಲು ಏನೂ ಬದಲಾಗಲಿಲ್ಲ. ಅದೇ ಲಾರಿ, ಅದೇ ಏರು. ನನಗೆ ಅಳುವೇ ಬರುತ್ತಿತ್ತು. ಆದರೂ ಬಿಡಲಿಲ್ಲ. ಮಳೆಗಾಲ ಹಿಡಿಯುವ ಹೊತ್ತಿಗೆ ಒಂದು ದಿನ ಅವರೇ ಹೇಳಿದರು: "ಈ ಸಲ ವಸ್ತಿ ಒಲ್ಲೆ ಅಂದೆ. ಮನ್ಯಾಗೇ ಮಕ್ಕೋತೀನಿ." ಡಿಪೋದ ಡ್ರೈವರುಗಳಿಗೆಲ್ಲ ಅವತ್ತು ಮುಖ ಸಣ್ಣದಾಯಿತಂತೆ. ನಾನು ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿದೆ.

ನಮ್ಮ ಮನೆಯಲ್ಲಿ ಅಲಾರಾಂ ಗಡಿಯಾರ ಇರಲಿಲ್ಲ. ಬೇಕಾಗಿಯೇ ಇರಲಿಲ್ಲ. ನೆಟ್ಟಗೆ ನಿದ್ದೆಯೇ ಇಲ್ಲದ ಮನುಷ್ಯ ಕತ್ತಲಿರುವಾಗಲೇ ಎದ್ದು ಕೂತಿರುತ್ತಿದ್ದರು, ಒಮ್ಮೆಯೂ ಡ್ಯೂಟಿ ತಪ್ಪಿಸಿಕೊಂಡವರಲ್ಲ. ಹಾಗಾಗಿ ಶ್ರಾವಣದ ಒಂದು ಬೆಳಿಗ್ಗೆ ನಾನು ಎದ್ದು ಅಂಗಳ ಗುಡಿಸಿ, ರಂಗೋಲಿ ಹಾಕಿ ಒಳಗೆ ಬಂದು, ಅವರಿನ್ನೂ ಮಲಗಿದ್ದನ್ನು ನೋಡಿ ಹೆದರಿದೆ. ಓಡಿಹೋಗಿ ಮೂಗಿನ ಹತ್ತಿರ ಕೈ ಹಿಡಿದೆ. ಉಸಿರು ಬೆಚ್ಚಗೆ, ಒಂದೇ ಹದದಲ್ಲಿ ಬರುತ್ತಿತ್ತು. ಬಾಯಿ ಮುಚ್ಚಿತ್ತು. ಗೋಡೆಯ ಮೇಲೆ ಬಿಸಿಲು ಬಿದ್ದಿತ್ತು. ಖಾನಾಪುರದ ಮೊದಲ ಗಾಡಿಯ ಹೊತ್ತು ಯಾವಾಗಲೋ ಮೀರಿತ್ತು.

ಎಬ್ಬಿಸಬೇಕೆಂದು ಹೆಗಲ ಮೇಲೆ ಕೈ ಇಟ್ಟೆ. ಇಟ್ಟ ಕೈಯನ್ನು ಹಾಗೇ ಹಿಂದಕ್ಕೆ ತೆಗೆದೆ.

ಅಷ್ಟರಲ್ಲಿ ಹೊರಗೆ ಸೈಕಲ್ ಬಿದ್ದ ಸದ್ದಾಯಿತು. ಕಂಡಕ್ಟರ್ ಬೆವತುಕೊಂಡು ಬಂದಿದ್ದರು. "ವೈನಿ, ಅಣ್ಣಾರೆಲ್ಲಿ? ಗಾಡಿ ನಿಂತೈತಿ, ಮಂದಿ ಒದರಾಕತ್ತಾರ!" ನಾನು ಬಾಗಿಲಿಗೆ ಅಡ್ಡ ನಿಂತು ಬಾಯಿಯ ಮೇಲೆ ಬೆರಳಿಟ್ಟೆ. ಅವರು ನನ್ನ ಹೆಗಲ ಮೇಲಿಂದ ಒಳಗೆ ಇಣುಕಿದರು. ಬಹಳ ಹೊತ್ತು ಇಣುಕಿದರು. ಆಮೇಲೆ ಕಾಲಿನ ಚಪ್ಪಲಿ ಬಿಟ್ಟು, ಸದ್ದಿಲ್ಲದೆ ಕಟ್ಟೆಯ ಮೇಲೆ ಕೂತುಬಿಟ್ಟರು.

"ಗೊರಕಿ?" ಎಂದು ಪಿಸುಗುಟ್ಟಿದರು.

"ಇಲ್ಲ" ಎಂದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು.

"ಎಬ್ಬಿಸಬ್ಯಾಡ್ರಿ ಹಂಗಾರ. ಸ್ಪೇರ್ ಡ್ರೈವರ್ ಅದಾನ, ಅವ ಗಾಡಿ ಒಯ್ತಾನ. ಅಣ್ಣಾರಿಗೆ ಜ್ವರ ಬಂದೈತಿ ಅಂತ ಡಿಪೋದಾಗ ಹೇಳ್ತೀನಿ."

"ಜ್ವರ ಅಂತ ಹೇಳಬ್ಯಾಡ್ರಿ" ಎಂದೆ. "ನಿದ್ದಿ ಹತ್ತೇತಿ ಅಂತ ಹೇಳ್ರಿ."